ಕ್ರೋಶಾ ಕಡ್ಡಿಗೆ ಸಿಕ್ಕಿದ ಜ್ಯಾಮಿತಿ

ನಿಮ್ಮ ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿ. ಅಜ್ಜಿಯೋ ತಾಯಿಯೋ ಕ್ರೋಶಾ ಕಡ್ಡಿಯಿಂದ ಹೆಣೆದ ಬಾಗಿಲ ತೋರಣ, ದುಂಡನೆಯ ಮೇಜುವಸ್ತ್ರ ಸಿಕ್ಕೀತು. ಇವನ್ನು ನಾವು ಹೆಂಗಸರ ಹವ್ಯಾಸ, ಬಿಡುವಿನ ವೇಳೆಯ ಕೆಲಸ ಎಂದು ಪಕ್ಕಕ್ಕಿಡುತ್ತೇವೆ. ನಾನೂ ಹಾಗೆಯೇ ಮಾಡಿದ್ದೆ.

ನನ್ನ ತಾಯಿ ಮೇಜುವಸ್ತ್ರ ಹೆಣೆಯುವಾಗ ಪ್ರತಿ ಸುತ್ತಿನ ಕುಣಿಕೆಗಳನ್ನೂ ಎಣಿಸುತ್ತಿದ್ದರು. ಎಣಿಕೆ ಕಡಿಮೆಯಾದರೆ ಹೆಣಿಗೆ ಬಟ್ಟಲಿನಂತೆ ಗುಳಿ ಬೀಳುತ್ತಿತ್ತು. ಹೆಚ್ಚಾದರೆ ಅಂಚು ನೆರಿಗೆಯಾಗಿ, ಮೇಜಿನ ಮೇಲೆ ಕೂರುತ್ತಿರಲಿಲ್ಲ. ಆಗ ಅಷ್ಟನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯುತ್ತಿದ್ದರು. ಅದೇ ಕೋಣೆಯಲ್ಲಿ ಕುಳಿತು ನಾನು ಎಂ.ಎಸ್ಸಿ. ಪರೀಕ್ಷೆಗಾಗಿ ವಕ್ರ ಅವಕಾಶದ ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅಮ್ಮ ಬಿಚ್ಚಿಹಾಕುತ್ತಿದ್ದ ನೆರಿಗೆಗೂ ನನ್ನ ಪುಸ್ತಕಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಸಂಬಂಧದ ಕಥೆ ಇಲ್ಲಿದೆ.

ಎರಡು ಸಾವಿರ ವರ್ಷಗಳ ತಕರಾರು

ಒಂದು ಸರಳರೇಖೆ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ರೇಖೆಗೆ ಎಷ್ಟು ಸಮಾನಾಂತರ ರೇಖೆಗಳನ್ನು ಎಳೆಯಬಹುದು? ಒಂದೇ ಒಂದು ಎನ್ನುತ್ತೀರಿ. ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆಯ ಸಾರ ಇದೇ. ಉಳಿದ ನಾಲ್ಕರಿಂದ ಇದನ್ನು ಸಾಧಿಸಿಬಿಡಬೇಕೆಂದು ಗಣಿತಜ್ಞರು ಎರಡು ಸಾವಿರ ವರ್ಷ ಹೆಣಗಾಡಿದರು. ಹಂಗೆರಿಯ ಫಾರ್ಕಶ್ ಬೋಯೈ ಇದರಲ್ಲಿ ಬಳಲಿ, ಈ ದಾರಿ ತುಳಿಯಬೇಡವೆಂದು ಮಗ ಯಾನೋಶ್‌ನಿಗೆ ಪತ್ರದಲ್ಲಿ ಅಂಗಲಾಚಿದ. ಮಗ ಕೇಳಲಿಲ್ಲ. ಅನೇಕ ಸಮಾನಾಂತರ ರೇಖೆಗಳಿರುವ ಜ್ಯಾಮಿತಿಯೂ ತರ್ಕಬದ್ಧವಾಗಿರುತ್ತದೆ ಎಂದು ಯಾನೋಶ್ ಕಂಡುಕೊಂಡ. ಅದು 1832ರಲ್ಲಿ ತಂದೆಯ ಪುಸ್ತಕದ ಅನುಬಂಧವಾಗಿ ಹೊರಬಂತು. ರಷ್ಯದ ಲೊಬಚೆವ್‌ಸ್ಕಿ 1829ರಲ್ಲೇ ಸ್ವತಂತ್ರವಾಗಿ ಇದೇ ವಿಷಯವನ್ನು ಪ್ರಕಟಿಸಿದ್ದ. ಗೌಸ್‌ಗೂ ಇದು ತಿಳಿದಿತ್ತು. ಆದರೆ ಆತ ಪ್ರಕಟಿಸಲಿಲ್ಲ.

ಇದೇ ಹೈಪರ್ಬೋಲಿಕ್ ಜ್ಯಾಮಿತಿ. ಇದು ಋಣ ವಕ್ರತೆಯುಳ್ಳ ಮೇಲ್ಮೈಯ ಜ್ಯಾಮಿತಿ ಎಂದು ಇಟಲಿಯ ಬೆಲ್ಟ್ರಾಮಿ 1868ರಲ್ಲಿ ತೋರಿಸಿದ. ಕಾಗದದ ಚೂರುಗಳನ್ನು ಅಂಟಿಸಿ ಮಾದರಿಯನ್ನೂ ಮಾಡಿದ. ಆದರೆ 1901ರಲ್ಲಿ ಹಿಲ್ಬರ್ಟ್ ಒಂದು ಮಿತಿಯನ್ನು ಸಾಧಿಸಿದ. ಅನಂತವಾಗಿ ಹರಡುವ ಇಡೀ ಹೈಪರ್ಬೋಲಿಕ್ ತಲವನ್ನು ನಮ್ಮ ಮೂರು ಆಯಾಮಗಳಲ್ಲಿ ನುಣುಪಾದ ಮೇಲ್ಮೈಯಾಗಿ ಕೂರಿಸಲು ಸಾಧ್ಯವಿಲ್ಲ. ಹೀಗಾಗಿ ವಿದ್ಯಾರ್ಥಿಗಳಿಗೆ ಇದು ಬಹುಮಟ್ಟಿಗೆ ಸೂತ್ರಗಳಲ್ಲಿ, ವೃತ್ತದೊಳಗಿನ ನಕ್ಷೆಗಳಲ್ಲಿ ಮಾತ್ರ ಕಾಣುವ ವಸ್ತುವಾಯಿತು.

ಹರಿದ ಕಾಗದ, ಹೊಸ ದಾರ

1970ರ ದಶಕದಲ್ಲಿ ಅಮೆರಿಕದ ವಿಲಿಯಂ ಥರ್ಸ್‌ಟನ್ ಬಳೆಯಾಕಾರದ ಕಾಗದದ ಪಟ್ಟಿಗಳನ್ನು ಜೋಡಿಸಿ ಈ ತಲದ ತುಂಡೊಂದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದ. ಆದರೆ ಕಾಗದ ಬೇಗ ಹರಿಯುತ್ತದೆ. ಲಾಟ್ವಿಯದ ರೀಗಾದಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಗಣಿತಜ್ಞೆ ಡೈನಾ ಟೈಮಿನ 1997ರಲ್ಲಿ ಅಂಥದೊಂದು ಜೀರ್ಣವಾದ ಕಾಗದದ ಮಾದರಿಯನ್ನು ಕಂಡರು. ಆಕೆ ಜ್ಯಾಮಿತಿ ಪಾಠ ಮಾಡಬೇಕಿತ್ತು. ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಬಲ್ಲ ಗಟ್ಟಿ ಮಾದರಿ ಬೇಕಿತ್ತು.

ಆಕೆಗೆ ಹೆಣಿಗೆ ಗೊತ್ತಿತ್ತು. ಮೊದಲು ಸ್ವೆಟರ್ ಹೆಣೆಯುವ ಎರಡು ಕಡ್ಡಿಗಳಿಂದ ಪ್ರಯತ್ನಿಸಿದರು. ಸಾಲು ಉದ್ದವಾದಂತೆ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಕಿಕ್ಕಿರಿದವು. ಕ್ರೋಶಾದಲ್ಲಿ ಈ ತೊಂದರೆಯಿಲ್ಲ. ಯಾವಾಗಲೂ ಕೊಕ್ಕೆಯಲ್ಲಿ ಇರುವುದು ಒಂದೇ ಕುಣಿಕೆ. ಹೀಗೆ ಗೃಹಕೃತ್ಯದ ಕೊಕ್ಕೆಯೊಂದು ಗಣಿತ ಬೋಧನೆಯ ಉಪಕರಣವಾಯಿತು. ಈ ಕುರಿತು ಟೈಮಿನ 2009ರಲ್ಲಿ ಬರೆದ ಪುಸ್ತಕಕ್ಕೆ 2012ರಲ್ಲಿ ಅಮೆರಿಕದ ಗಣಿತ ಸಂಘವೊಂದು ನೀಡುವ ಆಯ್ಲರ್ ಪುಸ್ತಕ ಪ್ರಶಸ್ತಿ ಸಂದಿತು.

ನೀವೇ ಹೆಣೆದು ನೋಡಿ

ನಿಯಮ ಬಹಳ ಸರಳ. 20 ಕುಣಿಕೆಗಳ ಸರಪಳಿಯಿಂದ ಪ್ರಾರಂಭಿಸಿ. ಮುಂದಿನ ಪ್ರತಿ ಸಾಲಿನಲ್ಲೂ ನಾಲ್ಕು ಕುಣಿಕೆಗಳಲ್ಲಿ ಒಂದೊಂದು ಹೆಣಿಕೆ, ಐದನೆಯದರಲ್ಲಿ ಎರಡು ಹೆಣಿಕೆ ಹಾಕಿ. ಅಂದರೆ ಐದು ಇದ್ದದ್ದು ಆರಾಗುತ್ತದೆ. ಸಾಲುಗಳ ಉದ್ದ 1.2 ಸಾಮಾನ್ಯ ಅನುಪಾತದ ಗುಣೋತ್ತರ ಶ್ರೇಢಿಯಲ್ಲಿ ಬೆಳೆಯುತ್ತದೆ. ಹತ್ತು ಸಾಲು ಮುಗಿದಾಗ ಸುಮಾರು 124 ಹೆಣಿಕೆ. ಇಪ್ಪತ್ತು ಮುಗಿದಾಗ ಸುಮಾರು 767! ಚಪ್ಪಟೆಯಾದ ದುಂಡು ಹೊದಿಕೆಯಲ್ಲಾದರೋ ಸುತ್ತಿನಿಂದ ಸುತ್ತಿಗೆ ಹೆಚ್ಚುವ ಹೆಣಿಕೆಗಳ ಸಂಖ್ಯೆ ಒಂದೇ. ಅದು ಸಮಾಂತರ ಶ್ರೇಢಿ. ಏಕೆಂದರೆ ಸಮತಲದಲ್ಲಿ ಪರಿಧಿ ತ್ರಿಜ್ಯಕ್ಕೆ ಅನುಪಾತದಲ್ಲಿರುತ್ತದೆ. ದಾರ ಸ್ವಲ್ಪ ಬಿರುಸಾಗಿರಲಿ, ಹೆಣಿಗೆ ಬಿಗಿಯಾಗಿರಲಿ.

ಈಗ ಹೆಣಿಗೆಯನ್ನು ಮಡಿಸಿ. ಮಡಿಕೆಯೇ ಈ ತಲದ ಸರಳರೇಖೆ. ಅದರ ಮೇಲೆ ಬೇರೆ ಬಣ್ಣದ ದಾರದಿಂದ ಹೊಲಿಯಿರಿ. ಹೊರಗಿನ ಒಂದು ಬಿಂದುವಿನ ಮೂಲಕ ಬೇರೆ ಬೇರೆ ದಿಕ್ಕಿನಲ್ಲಿ ಮಡಿಸಿ ಹೊಲಿಯಿರಿ. ಮೊದಲ ರೇಖೆಯನ್ನು ಸೇರದೆ ಅದರಿಂದ ದೂರ ಸರಿದುಹೋಗುವ ರೇಖೆಗಳು ಒಂದಕ್ಕಿಂತ ಹೆಚ್ಚು ಸಿಗುತ್ತವೆ. ಮೂರು ಮಡಿಕೆಗಳಿಂದ ತ್ರಿಭುಜ ರಚಿಸಿದರೆ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಇದು ಹಿಲ್ಬರ್ಟನ ಪ್ರಮೇಯಕ್ಕೆ ವಿರುದ್ಧವಲ್ಲವೇ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಅಲ್ಲ, ನಾವು ಹೆಣೆದದ್ದು ತಲದ ಒಂದು ತುಂಡನ್ನು ಮಾತ್ರ. ಇನ್ನೊಂದು ಮಾತು: ಹೆಣಿಗೆ ಏನನ್ನೂ ಸಾಧಿಸುವುದಿಲ್ಲ, ತೋರಿಸುತ್ತದೆ. ಸಾಧನೆಗೆ ತರ್ಕವೇ ಬೇಕು.

2005ರಲ್ಲಿ ಆಸ್ಟ್ರೇಲಿಯ ಮೂಲದ ಮಾರ್ಗರೆಟ್ ಮತ್ತು ಕ್ರಿಸ್ಟಿನ್ ವರ್ತೈಮ್ ಸೋದರಿಯರು ಲಾಸ್ ಏಂಜಲಿಸ್‌ನಲ್ಲಿ ಇದೇ ವಿಧಾನದಿಂದ ಹವಳದ ದಿಬ್ಬವನ್ನು ಹೆಣೆಯತೊಡಗಿದರು. ಕಟ್ಟುನಿಟ್ಟಿನ ನಿಯಮವನ್ನು ಕೊಂಚ ಸಡಿಲಿಸಿದಾಗ ರೂಪಗಳು ಇನ್ನಷ್ಟು ಜೀವಂತವಾದವು. ಹವಳಗಳಲ್ಲಿ, ಲೆಟ್ಯೂಸ್ ಸೊಪ್ಪಿನ ಅಂಚಿನಲ್ಲಿ ಇರುವುದೂ ಇಂಥ ನೆರಿಗೆಯೇ. ಅಂಚು ಒಳಭಾಗಕ್ಕಿಂತ ವೇಗವಾಗಿ ಬೆಳೆದಾಗ ಬೇರೆ ದಾರಿಯಿರುವುದಿಲ್ಲ.

ಶಿಕ್ಷಕ ಮಿತ್ರರೇ, ನಿಮ್ಮ ತರಗತಿಯಲ್ಲಿ ಹೆಣಿಗೆ ಬಲ್ಲ ಹುಡುಗಿಯೋ ಹುಡುಗನೋ ಇದ್ದರೆ ಒಂದು ಕಡ್ಡಿ, ಒಂದು ಉಂಡೆ ದಾರ ಕೊಟ್ಟು ನೋಡಿ. ಗಣಿತದಲ್ಲಿ ಹಿಂದಿನ ಬೆಂಚಿನಲ್ಲಿದ್ದವರು ಅಂದು ಮುಂದೆ ನಿಂತು ಪಾಠ ಹೇಳಬಹುದು. ನನ್ನ ತಾಯಿಗೆ ಬಟ್ಟಲು, ಮೇಜುವಸ್ತ್ರ, ನೆರಿಗೆ ಈ ಮೂರನ್ನೂ ಎಣಿಕೆಯಿಂದಲೇ ಗುರುತಿಸಲು ಬರುತ್ತಿತ್ತು. ಧನ, ಶೂನ್ಯ, ಋಣ ವಕ್ರತೆ ಎಂಬ ಹೆಸರುಗಳು ನನಗೆ ಬರುತ್ತಿದ್ದವು. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಾನು ಒಮ್ಮೆ ಕೇಳಬೇಕಿತ್ತು.