ಕೋಟೆ ಗೋಡೆ ಅಲ್ಲ, ಹೊಳೆ ಗೋಡೆ (ಎರಡು ಹೊಳೆ ನಡುವಿನ ರಾಯಚೂರು: ಭಾಗ 6)

ರಾಯಚೂರಿಗೆ ಬಂದವರು ಮೊದಲು ಕೋಟೆಗೇ ಹೋಗ್ತೀರಿ. ಹೋಗ್ರಿ, ಬ್ಯಾಡ ಅನ್ನಂಗಿಲ್ಲ. 1294ರ ಶಾಸನ ಇರುವ ಗೋಡೆ, 40 ಅಡಿ ದಾಟಿದ ಒಂದೇ ಕಲ್ಲು, ನೋಡಲೇಬೇಕು. ಆದ್ರೆ ಇವತ್ತಿನ ಮಾತು ಹೊಳೆಗೆ ಅಡ್ಡ ಎದ್ದ ಗೋಡೆಗಳದ್ದು.

ಸಾಲ್ಮನ್ ಮೀನಿನಿಂದಲೇ ಹೆಸರಾದ ಹೊಳೆದಂಡೆ ಊರುಗಳು ವಿದೇಶದಲ್ಲಿವೆ. ಆ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆ ಏರಿ ಬರುತ್ತದೆ. ನಮ್ಮ ಕೃಷ್ಣೆಯ ಹಾವುಮೀನಿನದು ಇದರ ಉಲ್ಟಾ. ಹುಟ್ಟೋದು ಸಮುದ್ರದಲ್ಲಿ, ಮರಿಯಾಗಿದ್ದಾಗಲೇ ಹೊಳೆ ಏರಿ, ವರ್ಷಗಟ್ಟಲೆ ಸಿಹಿನೀರಲ್ಲಿ ಬೆಳೆದು, ಮೊಟ್ಟೆಯಿಡಲು ವಾಪಸ್ ಸಮುದ್ರಕ್ಕೆ.

ಅಂದ್ರೆ ಬಂಗಾಳ ಕೊಲ್ಲಿಯಿಂದ ನಮ್ಮೂರ ತನಕ ದಾರಿ ತೆರೆದಿರಬೇಕು. ಅದಕ್ಕೆ ಬ್ರಿಟಿಷರು 1855ರ ಹೊತ್ತಿಗೆ ಬೆಜವಾಡದಲ್ಲಿ ಅಡ್ಡಕಟ್ಟೆ ಕಟ್ಟಿದರು. ಇಂಥ ಕಟ್ಟೆಗಳಲ್ಲಿ ಮೀನು ಹತ್ತಲು ದಾರಿ ಬಿಡಬೇಕು ಅಂತ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯ 1873ರ ವರದಿಯಲ್ಲೇ ವಾದಿಸಿದ್ದ. ಆಮೇಲೆ ಎದ್ದವು ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ. ಇತ್ತ ಮೇಲ್ಗಡೆ ನಾರಾಯಣಪುರ, ದೇವದುರ್ಗದ ಗೂಗಲ್ ಬ್ಯಾರೇಜು. ತುಂಗಭದ್ರೆಗೆ ಮಾನ್ವಿ ಸೀಮೆಯ ರಾಜಲಬಂಡಾ, ಅದಕ್ಕೂ ಮೇಲೆ 1953ರ ದೊಡ್ಡ ಡ್ಯಾಮು.

ಈ ಗೋಡೆಗಳಿಂದಲೇ ನಮ್ಮ ಭತ್ತ, ನಮ್ಮ ಊಟ. ಬೈಯೋದು ಸುಲಭ ಇಲ್ಲ. ಆದ್ರೆ ಲೆಕ್ಕ ಬರೆಯುವಾಗ ನೀರಾವರಿ ಎಕರೆ ಎಣಿಸಿದವರು ಬಲೆ ಹಾಕುವವರ ಮನೆಗಳನ್ನು ಎಣಿಸಿದರೇನು? ಈಗ ಜಲಾಶಯಗಳಿಗೆ ಬಿಡೋದು ಕಾಟ್ಲಾ, ರೋಹು ಮರಿ. ಗಂಗೆ ಕಡೆ ಮೀನು ಅವು, ನಮ್ಮ ಹೊಳೆಗೆ ಬೀಗರು.

ಹೊಳೆ ಮಂದಿಯ ತೆಪ್ಪ ಮಾತ್ರ ಅದೇ ಇದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಆನೆಗೊಂದಿಯಲ್ಲಿ ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಂದರಲ್ಲಿ 15-20 ಮಂದಿ ಹಿಡೀತಿದ್ರಂತೆ. ಅದೇ ವರ್ಷ ರಾಯಚೂರು ಯುದ್ಧದಲ್ಲಿ ಸೋತ ಆದಿಲ್ ಶಾಹಿ ಸೈನ್ಯ ಓಡಿದ್ದು ಕೃಷ್ಣೆಯ ಕಡೆಗೇ. ಹೊಳೆಯಲ್ಲೇ ಎಷ್ಟೋ ಜನ ಸತ್ತರು. ಶಾಲೆ ಪುಸ್ತಕದಲ್ಲಿ ಕೃಷ್ಣದೇವರಾಯ ಗೆದ್ದದ್ದು ಇದೆ, ಹೊಳೆ ಇಲ್ಲ.

ನೋಡಬೇಕಂದ್ರೆ ಬೇಸಿಗೆಯಲ್ಲಿ ಬರ್ರಿ. ಕುರ್ವಕಲಾ ನಡುಗಡ್ಡೆ ಕಡೆ ಹೋಗಿ ತೆಪ್ಪ ನೋಡ್ರಿ. ಮಳೆಗಾಲದಲ್ಲಿ ನಾರಾಯಣಪುರದಿಂದ ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗುತ್ತದೆ, ಇನ್ನು ತೆಪ್ಪ ಎಲ್ಲಿ ಬಿಡ್ತಾರ.

#ರಾಯಚೂರು #ಕೃಷ್ಣೆ #ದೇವದುರ್ಗ #ಮಾನ್ವಿ