ಪುಲಿಗೆರೆ ನಾಡಿನ ಗ್ರಂಥಭಂಡಾರ ಪರಂಪರೆ ಮತ್ತು ಊರ ವಾಚನಾಲಯದ ಸಂರಕ್ಷಣೆ

ಗ್ರಂಥಾಲಯವೆಂದೊಡನೆ ಕಪಾಟು, ಮೇಜು, ಪುಸ್ತಕಗಳ ಯಾದಿ ಇವೇ ಸಾಮಾನ್ಯವಾಗಿ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದುದರಿಂದ ಹಳೆಯದೊಂದು ವಾಚನಾಲಯವನ್ನು ಉಳಿಸಬೇಕೆಂಬ ಮಾತು ಬಂದಾಗ, ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸಿ, ಗೆದ್ದಲು ಹತ್ತಿದ ಹೊತ್ತಗೆಗಳಿಗೆ ರಟ್ಟು ಕಟ್ಟಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಕಟ್ಟಡವೂ ಪುಸ್ತಕವೂ ಉಳಿಯತಕ್ಕವೇ ಸರಿ. ಆದರೆ ಅವುಗಳ ಸುತ್ತ ಜನರು ಕೂಡುವ ವಾಡಿಕೆ ಒಂದಿದೆ. ಅದು ಅಳಿದ ಮೇಲೆ ಉಳಿದೆರಡರಿಂದ ಊರಿಗಾಗುವ ಪ್ರಯೋಜನವೇನೆಂಬುದು ವಿಚಾರಾರ್ಹವಾದ ಪ್ರಶ್ನೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪ್ರದೇಶವನ್ನು ಕೇಂದ್ರವಾಗಿರಿಸಿಕೊಂಡು, ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರದಂಥ ಊರುಗಳ ಹಿತದೃಷ್ಟಿಯಿಂದ ಈ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ.

೧

ಈ ಪ್ರದೇಶವು ಕನ್ನಡ ವಾಙ್ಮಯದ ಇತಿಹಾಸದಲ್ಲಿ ಸಾಮಾನ್ಯವಾದುದಲ್ಲ. ಇಂದಿನ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಪುಲಿಗೆರೆ ಮುನ್ನೂರೆಂಬ ನಾಡಿನ ಮುಖ್ಯ ಪಟ್ಟಣ. ಕ್ರಿ.ಶ. ೮೫೦ರ ಸುಮಾರಿನ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಈ ನಾಡಿನ ಜನರು ಕ್ರಮವಾಗಿ ಓದಿ ಕಲಿಯದಿದ್ದರೂ ಕಾವ್ಯದಲ್ಲಿ ಪರಿಣತರೆಂದು ಆ ಗ್ರಂಥವು ಹೇಳುತ್ತದೆ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನೂ ಪುಲಿಗೆರೆಯ ತಿರುಳ್ಗನ್ನಡವನ್ನು ನೆನೆದಿದ್ದಾನೆ. ಓದದವರು ಕಾವ್ಯದಲ್ಲಿ ಪರಿಣತರಾಗಬೇಕಾದರೆ ಅವರು ಅದನ್ನು ಕೇಳಿರಲೇಬೇಕು. ಕೇಳಬೇಕಾದರೆ ಓದುವವನೊಬ್ಬನಿರಬೇಕು, ಕೂಡುವುದಕ್ಕೆ ಒಂದು ತಾಣವಿರಬೇಕು. ಗ್ರಂಥವು ಒಬ್ಬನ ಕೈಯಲ್ಲಿದ್ದು ಹಲವರ ಕಿವಿಗೆ ತಲುಪುವ ಈ ಪದ್ಧತಿಯನ್ನು ಲಕ್ಷ್ಯದಲ್ಲಿರಿಸಿಕೊಳ್ಳದೆ ನಮ್ಮ ಗ್ರಂಥಭಂಡಾರಗಳ ಇತಿಹಾಸವನ್ನು ಅರಿಯುವುದು ಸಾಧ್ಯವಿಲ್ಲ.

೨

ಪ್ರಾಚೀನ ಕರ್ನಾಟಕದಲ್ಲಿ ಗ್ರಂಥರಕ್ಷಣೆಯ ಮೂರು ಮಾದರಿಗಳು ಕಾಣಬರುತ್ತವೆ.

ಮೊದಲನೆಯದು ನಾಗಾವಿಯದು. ಕಲಬುರ್ಗಿ ಜಿಲ್ಲೆಯ ಈ ಊರಿನ ೧೦೫೮ರ ಶಾಸನವು ಚಾಳುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ಸುಮಾರು ೨೫೦ ವಿದ್ಯಾರ್ಥಿಗಳಿದ್ದ ಆ ವಿದ್ಯಾಸಂಸ್ಥೆಯಲ್ಲಿ ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ಗ್ರಂಥಪಾಲಕನೆಂಬ ಅಧಿಕಾರಿಯ ಉಲ್ಲೇಖ ಇಷ್ಟು ಸ್ಪಷ್ಟವಾಗಿ ದೊರೆಯುವುದೇ ಒಂದು ವಿಶೇಷ. ಅದಕ್ಕಿಂತಲೂ ಗಮನಾರ್ಹವಾದುದೆಂದರೆ, ದಾನಿಯು ಗ್ರಂಥಗಳನ್ನು ಕಾಯುವವರ ಜೀವನೋಪಾಯವನ್ನೂ ಉಪಾಧ್ಯಾಯರ ಜೀವನೋಪಾಯದಷ್ಟೇ ಅವಶ್ಯವೆಂದು ಎಣಿಸಿದುದು. ಆದರೆ ಈ ಭಂಡಾರದ ಬಾಗಿಲು ವೇದಶಾಸ್ತ್ರಗಳ ವಿದ್ಯಾರ್ಥಿಗಳಿಗಾಗಿ ತೆರೆದುದೇ ಹೊರತು ಊರಿನ ಸಮಸ್ತರಿಗಾಗಿ ಅಲ್ಲ.

ಎರಡನೆಯದು ಲಕ್ಕುಂಡಿಯದು. ಗದಗಿನ ನೆರೆಯ ಈ ಊರಿನಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಆಕೆಯ ಆಶ್ರಯದಲ್ಲಿ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಬೇಕಾದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ದುಡಿಮೆಯೆಂಬುದನ್ನು ವಾಚಕರೇ ಊಹಿಸಬಹುದು. ಒಂದು ಕಡೆ ಕೂಡಿಟ್ಟ ಗ್ರಂಥ ಒಂದೇ ಬೆಂಕಿಗೆ ಆಹುತಿಯಾಗಬಹುದು. ಸಾವಿರ ಕಡೆ ಹರಡಿದ ಗ್ರಂಥಕ್ಕೆ ಆ ಭಯವಿಲ್ಲ. ಹಂಚಿಕೆಯೇ ರಕ್ಷಣೆಯೆಂಬ ತತ್ತ್ವವನ್ನು ಅತ್ತಿಮಬ್ಬೆ ಆಚರಿಸಿ ತೋರಿಸಿದಳು.

ಮೂರನೆಯದು ಮೂಡಬಿದರೆಯದು. ವೀರಸೇನಾಚಾರ್ಯರ ಧವಲಾ ಟೀಕೆಯ ಕನ್ನಡ ಲಿಪಿಯ ತಾಳೆಯೋಲೆಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳವರೆಗೆ ಸುರಕ್ಷಿತವಾಗಿದ್ದವು. ಆದರೆ ಅವು ಬಹುಮಟ್ಟಿಗೆ ದರ್ಶನದ, ಪೂಜೆಯ ವಸ್ತುಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಮೊದಲ ಸಂಪುಟ ೧೯೩೯ರಲ್ಲಿ ಅಚ್ಚಾದ ಮೇಲೆಯೇ ವಿದ್ವಲ್ಲೋಕಕ್ಕೆ ಅದರ ಲಾಭ ದೊರೆಯಿತು. ಅಷ್ಟು ಭಕ್ತಿಯಿಂದ ಕಾಯದಿದ್ದರೆ ಅಚ್ಚು ಮಾಡುವುದಕ್ಕೆ ಓಲೆಯೇ ಉಳಿಯುತ್ತಿರಲಿಲ್ಲ. ಬರಿದೆ ಕಾಯುತ್ತಲೇ ಇದ್ದಿದ್ದರೆ ಉಳಿದೂ ಫಲವಿರುತ್ತಿರಲಿಲ್ಲ. ವಚನಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದ ಓಲೆಯ ಕಟ್ಟುಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು.

ಕಾಯುವುದು, ಹಂಚುವುದು ಎಂಬ ಈ ಎರಡು ಕಾರ್ಯಗಳಿಗೆ ಮೂರನೆಯದೊಂದನ್ನು ಸೇರಿಸಬೇಕು, ಅದು ಕೂಡಿಸುವುದು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ಪರಂಪರೆಯು ಹೇಳುವ ಭಾರತವು ಹಳ್ಳಿಹಳ್ಳಿಗಳಿಗೆ ಮುಟ್ಟಿದುದು ಗಮಕಿಗಳ ಕಂಠದಿಂದ. ಗುಡಿಯ ಕಟ್ಟೆ, ಮಠದ ಅಂಗಳ, ಊರ ಚಾವಡಿ ಇವು ಆ ಕಾಲದ ವಾಚನಾಲಯಗಳೆಂದರೆ ತಪ್ಪಾಗಲಾರದು. ದಿಂಗಾಲೇಶ್ವರ ಮಠವಿರುವ ಬಾಳೆಹೊಸೂರ, ಫಕೀರೇಶ್ವರ ಮಠವಿರುವ ಶಿರಹಟ್ಟಿ, ಅನ್ನದಾನೇಶ್ವರ ಮಠವಿರುವ ಮುಂಡರಗಿಗಳಲ್ಲಿ ಪುರಾಣ-ಪ್ರವಚನಗಳನ್ನು ಕೇಳುವುದಕ್ಕೆ ಜನರು ನೆರೆಯುವ ಸಂಪ್ರದಾಯ ಹೊಸದೇನೂ ಅಲ್ಲ.

೩

ಅಚ್ಚಿನ ಯುಗವು ಈ ಪರಂಪರೆಗೆ ಹೊಸ ರೂಪವನ್ನು ಕೊಟ್ಟಿತು. ೧೮೯೦ರ ಜುಲೈ ೨೦ರಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥಪ್ರಸಾರವನ್ನು ತನ್ನ ಕರ್ತವ್ಯಗಳಲ್ಲಿ ಒಂದನ್ನಾಗಿ ಮಾಡಿಕೊಂಡು, ೧೮೯೬ರಲ್ಲಿ ವಾಗ್ಭೂಷಣ ಪತ್ರಿಕೆಯನ್ನು ಆರಂಭಿಸಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರಿಂದೂರಿಗೆ ನಡೆದು ಓದುಗರನ್ನು ಸಂಪಾದಿಸಿದರು. ಗದಗ ತಾಲ್ಲೂಕಿನ ಹೊಂಬಳದವರಾದ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿ, ಚಂದಾದಾರರೆಂಬ ಓದುಗರ ಬಳಗವನ್ನು ಬೆಳೆಸಿದರು. ಗ್ರಂಥಮಾಲೆಯ ಅಟ್ಟವು ಲೇಖಕರೂ ವಾಚಕರೂ ಕೂಡುವ ಪ್ರಸಿದ್ಧ ತಾಣವಾಯಿತು.

ಆದರೆ ಲಕ್ಷ್ಮೇಶ್ವರ-ಶಿರಹಟ್ಟಿಗಳ ಸ್ಥಿತಿ ಧಾರವಾಡದ ಸ್ಥಿತಿಯಂತಿರಲಿಲ್ಲ. ಗದಗು ಬ್ರಿಟಿಷ್ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದರೆ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ಭಾಗ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಗದಗ ಜಿಲ್ಲೆಯಾಯಿತು. ತರುವಾಯ ಲಕ್ಷ್ಮೇಶ್ವರವು ಶಿರಹಟ್ಟಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಒಂದೇ ಆಯುಷ್ಯದ ಅವಧಿಯಲ್ಲಿ ಊರಿನ ಕಾಗದಪತ್ರಗಳು ಇಷ್ಟು ಕಚೇರಿಗಳನ್ನು ಸುತ್ತಿದವೆಂದ ಮೇಲೆ, ಊರಿನ ನೆನಪನ್ನು ಊರಿನಲ್ಲಿಯೇ ಇರಿಸಿಕೊಳ್ಳುವ ಸ್ಥಳದ ಅವಶ್ಯಕತೆಯನ್ನು ಬೇರೆ ಹೇಳಬೇಕಾಗಿಲ್ಲ.

೪

ಗ್ರಂಥಾಲಯ ನೀತಿಯಲ್ಲಿಯೂ ಈ ಭಾಗವು ಎರಡು ಪದ್ಧತಿಗಳ ನಡುವೆ ನಿಂತಿತು. ೧೯೧೦ರಲ್ಲಿ ಬಡೋದೆಯ ಸಯಾಜಿರಾವ್ ಮಹಾರಾಜರು ಅಮೇರಿಕೆಯ ಬೋರ್ಡನ್ ಅವರನ್ನು ಕರೆಸಿ ಗ್ರಂಥಾಲಯಗಳ ಜಾಲವನ್ನು ಕಟ್ಟತೊಡಗಿದರು. ೧೯೩೯ರಲ್ಲಿ ಮುಂಬಯಿ ಸರಕಾರವು ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಪ್ರಾಂತದ ಕೇಂದ್ರದಿಂದ ಹಳ್ಳಿಯವರೆಗಿನ ಗ್ರಂಥಾಲಯಗಳ ಶ್ರೇಣಿಯನ್ನು ಸೂಚಿಸಿತು. ಮುಂಬಯಿಯ ಪದ್ಧತಿಯಲ್ಲಿ ಸ್ಥಳಿಕ ಸಂಸ್ಥೆಗಳು ವಾಚನಾಲಯವನ್ನು ನಡೆಸತಕ್ಕದ್ದು, ಸರಕಾರವು ಅನುದಾನ ಕೊಡತಕ್ಕದ್ದು; ೧೯೬೭ರ ಮಹಾರಾಷ್ಟ್ರದ ಶಾಸನವು ಇದನ್ನೇ ಮುಂದುವರಿಸಿತು. ಎಸ್. ಆರ್. ರಂಗನಾಥನ್ ಅವರ ವಿಚಾರಗಳಿಂದ ಪ್ರಭಾವಿತವಾದ ಮೈಸೂರು ರಾಜ್ಯದ ೧೯೬೫ರ ಸಾರ್ವಜನಿಕ ಗ್ರಂಥಾಲಯ ಶಾಸನವಾದರೋ ಗ್ರಂಥಾಲಯ ಕರವನ್ನು ವಿಧಿಸಿ, ಅದರ ನಿರ್ವಹಣೆಯನ್ನು ಇಲಾಖೆಗೆ ವಹಿಸಿತು.

ಎರಡಕ್ಕೂ ಗುಣದೋಷಗಳುಂಟು. ಸಂಸ್ಥೆಯವರು ನಡೆಸುವ ವಾಚನಾಲಯದಲ್ಲಿ ಊರವರ ಮಮತೆಯಿರುತ್ತದೆ; ಆದರೆ ವರ್ಗಣಿ ಕೊಡಲಾರದವನು ಹೊಸ್ತಿಲಾಚೆಗೆ ಉಳಿಯುವ ಸಂಭವವಿದೆ. ಇಲಾಖೆಯ ಗ್ರಂಥಾಲಯಕ್ಕೆ ಎಲ್ಲರಿಗೂ ಹಕ್ಕಿನ ಪ್ರವೇಶವುಂಟು; ಆದರೆ ‘ಇದು ಸರಕಾರದ್ದು’ ಎಂಬ ಭಾವನೆಯಿಂದ ಊರವರ ಮಮತೆ ಸಡಿಲಗೊಳ್ಳುತ್ತದೆ. ೨೦೧೯ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದುದರಿಂದ ಹೊಣೆಯು ಊರಿಗೆ ಒಂದಿಷ್ಟು ಹತ್ತಿರ ಬಂದಿದೆ. ಅವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರೂ ಬಂದಿದೆ. ಹಕ್ಕನ್ನೂ ಮಮತೆಯನ್ನೂ ಒಂದೆಡೆ ಬೆಸೆಯುವ ಅವಕಾಶ ಇದು.

ಪ್ರವೇಶದ ಹಕ್ಕಿನ ಮಹತ್ತ್ವವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಳೆಯ ಕಟ್ಟೆ-ಚಾವಡಿಗಳನ್ನು ನಾವು ಮೆಚ್ಚಿ ನೆನೆಯುವಾಗ, ಅಲ್ಲಿ ಎಲ್ಲ ಜಾತಿಯವರಿಗೂ ಸಮಾನ ಸ್ಥಾನವಿರಲಿಲ್ಲವೆಂಬುದನ್ನೂ ಹೆಣ್ಣುಮಕ್ಕಳಿಗೆ ಅಲ್ಲಿ ಕೂಡ್ರುವ ರೂಢಿಯಿರಲಿಲ್ಲವೆಂಬುದನ್ನೂ ಮರೆಯಬಾರದು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಸಾರ್ವಜನಿಕ ಸ್ಥಳಗಳಲ್ಲಿ ಭೇದವನ್ನು ನಿಷೇಧಿಸಿತು. ಊರ ಗ್ರಂಥಾಲಯವು ಈ ನಿಯಮವನ್ನು ನಿತ್ಯದ ನಡವಳಿಕೆಯಾಗಿಸಬಲ್ಲ ಸ್ಥಳ. ಒಂದೇ ಮೇಜಿನ ಸುತ್ತ, ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುವಾಗ ಅದು ಸಹಜವಾಗಿ ಸಾಧಿಸುತ್ತದೆ.

೫

ಸುದ್ದಿಯೂ ಪುಸ್ತಕವೂ ಅಂಗೈಯ ಮೊಬೈಲಿನಲ್ಲಿಯೇ ದೊರೆಯುವಾಗ ಇಂಥ ತಾಣವೇಕೆಂದು ಕೆಲವರು ಕೇಳಬಹುದು. ಸುದ್ದಿಯ ಮಟ್ಟಿಗೆ ಈ ಆಕ್ಷೇಪವು ನಿಜವೆಂದು ಒಪ್ಪಬೇಕು. ಆದರೆ ಮೊಬೈಲು ಓದುಗನನ್ನು ಒಂಟಿಯಾಗಿಸುತ್ತದೆ. ವಾಚನಾಲಯವು ಅವನನ್ನು ನೆರೆಯವನೊಡನೆ ಕೂಡ್ರಿಸುತ್ತದೆ. ಸ್ಪರ್ಧಾ ಪರೀಕ್ಷೆಗೆ ಓದುವ ತರುಣಿಗೆ ಮನೆಯಲ್ಲಿ ದೊರೆಯದ ನಿಶ್ಶಬ್ದವೂ, ಕಣ್ಣು ಮಂಜಾದ ಹಿರಿಯನಿಗೆ ಪತ್ರಿಕೆ ಓದಿ ಹೇಳುವ ಎಳೆಯ ದನಿಯೂ ಒಂದೇ ಸೂರಿನಡಿ ದೊರೆಯುವುದು ಅಲ್ಲಿ ಮಾತ್ರ.

ಹಾಗಾದರೆ ಸಂರಕ್ಷಣೆಯೆಂದರೇನು? ನಾವು ನೋಡಿದ ಇತಿಹಾಸವು ನಾಲ್ಕು ಸೂಚನೆಗಳನ್ನು ಕೊಡುತ್ತದೆ. ನಾಗಾವಿಯ ಮಾದರಿಯಂತೆ, ಕಾಯುವವನಿಗೆ ಮೊದಲು ಜೀವನೋಪಾಯವನ್ನು ಕಲ್ಪಿಸಬೇಕು. ಗ್ರಾಮ ಗ್ರಂಥಪಾಲಕರು ಬಹುಕಾಲ ಅಲ್ಪ ಗೌರವಧನದಲ್ಲಿ ದುಡಿದುದು ನಮ್ಮ ಕಾಲಕ್ಕೆ ಭೂಷಣವಲ್ಲ. ಲಕ್ಕುಂಡಿಯ ಮಾದರಿಯಂತೆ, ಊರಿಗೆ ಸಂಬಂಧಿಸಿದ ಅಪರೂಪದ ಕಾಗದ, ಓಲೆ, ಹಳೆಯ ಪತ್ರಿಕೆಗಳ ಪ್ರತಿ ಮಾಡಿಸಿ, ಒಂದನ್ನು ಊರಿನಲ್ಲಿಯೂ ಇನ್ನೊಂದನ್ನು ವಿಶ್ವವಿದ್ಯಾಲಯದಲ್ಲಿಯೂ ಇರಿಸಬೇಕು. ಮೂಡಬಿದರೆಯ ಅನುಭವದಂತೆ, ಬೀಗದೊಳಗಿನ ಗ್ರಂಥಕ್ಕೆ ಓದುಗನನ್ನು ಒದಗಿಸಬೇಕು. ಗದಗಿನ ಗಮಕ ಪರಂಪರೆಯಂತೆ, ವಾರಕ್ಕೊಂದು ಸಲವಾದರೂ ಗಟ್ಟಿಯಾಗಿ ಓದಿ ಕೇಳಿಸುವ ಗೋಷ್ಠಿಯನ್ನು ನಡೆಸಬೇಕು. ಹಳೆಯ ಕಟ್ಟಡವಿದ್ದಲ್ಲಿ ಅದನ್ನು ಕೆಡವದೆ ಇದೇ ಕೆಲಸಕ್ಕೆ ಬಳಸಬೇಕು. ದಿನವೂ ಬಾಗಿಲು ತೆರೆದು ಕಸ ಗುಡಿಸುವ ಮನೆ ಬೇಗನೆ ಬೀಳುವುದಿಲ್ಲ.

ಪುಲಿಗೆರೆಯ ನಾಡಿನವರು ಓದದೆಯೂ ಕಾವ್ಯಜ್ಞರಾಗಿದ್ದರೆಂಬ ಕೀರ್ತಿ ಸಾವಿರ ವರ್ಷಗಳಿಗೂ ಹಿಂದಿನದು. ಇಂದು ಓದಬಲ್ಲವರ ಸಂಖ್ಯೆ ಬೆಳೆದಿದೆ. ಕೂಡಿ ಕೇಳುವ ತಾಣಗಳು ಮಾತ್ರ ಕಡಿಮೆಯಾಗುತ್ತಲಿವೆ. ಬಾಳೆಹೊಸೂರದಂಥ ಊರುಗಳ ಪಂಚಾಯತಿಗಳೂ ಮಠಗಳೂ ಶಾಲೆಗಳೂ ಈ ಕೊರತೆಯನ್ನು ತುಂಬಲು ಮನಸ್ಸು ಮಾಡಿದರೆ ಅದಕ್ಕೆ ಬೇಕಾಗುವ ದ್ರವ್ಯ ದೊಡ್ಡದಲ್ಲ. ಅದು ನಡೆಯಬೇಕಾದ ಕಾಲ ಮಾತ್ರ ಇದೇ. ಹಳೆಯ ಪುಸ್ತಕಗಳು ಇನ್ನೂ ಪೂರ್ತಿ ಮಣ್ಣುಗೂಡಿಲ್ಲ. ಅವುಗಳನ್ನು ಗಟ್ಟಿಯಾಗಿ ಓದಿಸಿ ಕೇಳಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.