ಪಿಸ್ತೂಲು ಚಿಕ್ಕದಾದಷ್ಟೂ ಸ್ಪ್ರಿಂಗ್‌ಗೆ ಕೆಲಸ ಜಾಸ್ತಿ

ಪಕ್ಕದಲ್ಲಿ ಬಟನ್ ಒತ್ತೋ ಪೆನ್ ಇದ್ರೆ ಕೈಗೆ ತಗೊಳ್ಳಿ. ಅದರೊಳಗಿನ ಪುಟ್ಟ ಸ್ಪ್ರಿಂಗ್ ಸೋತರೆ ರೀಫಿಲ್ ಒಳಗೆ ಹೋಗಲ್ಲ, ಜೇಬಿಗೆ ಇಂಕು ಅಂಟುತ್ತೆ. ನಷ್ಟ ಒಂದು ಅಂಗಿ. ಇವತ್ತಿನ ಸಂಚಿಕೆ ಇದೇ ಜಾತಿಯ ಇನ್ನೊಂದು ಸ್ಪ್ರಿಂಗ್ ಬಗ್ಗೆ. ಅದು ಇರೋದು ಪಿಸ್ತೂಲಿನೊಳಗೆ. ಹೆಸರು ರಿಕಾಯಿಲ್ ಸ್ಪ್ರಿಂಗ್.

ನಾನು ಬಿ.ಕಾಂ. ಓದಿದವನು, ಪಿಸ್ತೂಲು ಹಿಡಿದವನಲ್ಲ. ಈ ವಿಷಯ ತಲೆಗೆ ಹೊಕ್ಕಿದ್ದು ಸೈನ್ಯದಿಂದ ನಿವೃತ್ತರಾಗಿ ಊರಲ್ಲಿರೋ ನಮ್ಮ ದೊಡ್ಡಪ್ಪನಿಂದ. ಅವರ ಕಥೆಗೆ ಕೊನೆಗೆ ಬರ್ತೀನಿ.

ಮೊದಲು ಇದರ ಕೆಲಸ ಏನು ಅಂತ ನೋಡೋಣ. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗ, ಅಂದ್ರೆ ಸ್ಲೈಡ್, ರಭಸದಿಂದ ಹಿಂದಕ್ಕೆ ಬರುತ್ತೆ. ಖಾಲಿ ತೋಟಾ ಹೊರಗೆ ಬೀಳುತ್ತೆ. ಅಷ್ಟರಲ್ಲಿ ಸ್ಪ್ರಿಂಗ್ ಕುಗ್ಗಿರುತ್ತೆ. ಅದು ಮತ್ತೆ ಹಿಗ್ಗುವಾಗ ಸ್ಲೈಡನ್ನು ಮುಂದಕ್ಕೆ ತಳ್ಳಿ, ಮ್ಯಾಗಜೀನಿನಿಂದ ಹೊಸ ತೋಟಾ ಎತ್ತಿ ಬ್ಯಾರಲ್ಲಿಗೆ ಸೇರಿಸುತ್ತೆ. ಸ್ಪ್ರಿಂಗ್ ಸೋತರೆ ಸ್ಲೈಡ್ ಹಿಂದೆ ಬಂದು ಚೌಕಟ್ಟಿಗೆ ಜೋರಾಗಿ ಬಡಿಯುತ್ತೆ, ಮುಂದಕ್ಕೆ ಪೂರ್ತಿ ಹೋಗದೆ ನಿಲ್ಲಲೂಬಹುದು. ಸ್ಪ್ರಿಂಗ್ ತೀರಾ ಗಟ್ಟಿಯಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೇ ಬರಲ್ಲ, ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಬೀಳುತ್ತೆ.

ಈ ಸ್ಪ್ರಿಂಗನ್ನು ಎಲ್ಲಿ ಇಡಬೇಕು? ಚಿಕ್ಕ ಪಿಸ್ತೂಲಿನ ಇತಿಹಾಸದ ದೊಡ್ಡ ಭಾಗ ಈ ಒಂದು ಪ್ರಶ್ನೆಯಲ್ಲೇ ಇದೆ. ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟವನು ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಮೋಸಸ್ ಬ್ರೌನಿಂಗ್. ಬೆಲ್ಜಿಯಂನ ಎಫ್.ಎನ್. ಕಾರ್ಖಾನೆಗೆ ಅವನು ಮಾಡಿಕೊಟ್ಟ 1900ರ ಮಾದರಿಯಲ್ಲಿ ಸ್ಪ್ರಿಂಗ್ ಬ್ಯಾರಲ್ಲಿನ ಮೇಲಿತ್ತು. ಜಾಗ ಉಳಿಸೋಕೆ ಅದೇ ಸ್ಪ್ರಿಂಗಿಗೆ ಸೂಜಿಯನ್ನು ಮುಂದಕ್ಕೆ ಹೊಡೆಯುವ ಕೆಲಸವನ್ನೂ ಹಚ್ಚಿದ್ದ. 1903ರಲ್ಲಿ ಸ್ಪ್ರಿಂಗ್ ಬ್ಯಾರಲ್ಲಿನ ಕೆಳಗೆ ಬಂತು. 1910ರ ಮಾದರಿಯಲ್ಲಿ ಬ್ಯಾರಲ್ಲನ್ನೇ ಸುತ್ತಿಕೊಂಡು ಕೂತಿತು. ಮೇಲೂ ಬೇಡ, ಕೆಳಗೂ ಬೇಡ, ಪಿಸ್ತೂಲು ತೆಳ್ಳಗಾಯ್ತು, ಕೋಟಿನ ಜೇಬಿನಿಂದ ಸಲೀಸಾಗಿ ಹೊರಬರುವಂತಾಯ್ತು. 1914ರ ಜೂನ್ 28ರಂದು ಸರಾಯೆವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಕೈಯಲ್ಲಿದ್ದದ್ದು ಇದೇ 1910ರ ಮಾದರಿ. ಮೊದಲ ಮಹಾಯುದ್ಧದ ಪಾಠದಲ್ಲಿ ಅವನ ಹೆಸರು ಓದಿರ್ತೀವಿ, ಸ್ಪ್ರಿಂಗಿನ ಸುದ್ದಿ ಯಾರೂ ಹೇಳಲ್ಲ. ಜೇಮ್ಸ್ ಬಾಂಡ್ ಹಿಡಿಯೋ ವಾಲ್ಥರ್ ಪಿಪಿಕೆಯಲ್ಲೂ ಸ್ಪ್ರಿಂಗ್ ಬ್ಯಾರಲ್ಲಿನ ಸುತ್ತಲೇ ಇದೆ.

ಇವೆಲ್ಲ ಕಡಿಮೆ ಶಕ್ತಿಯ ತೋಟಾ ಹಾರಿಸೋ ಪಿಸ್ತೂಲುಗಳು. ನಿಜವಾದ ಪೇಚಾಟ ಶುರುವಾಗಿದ್ದು ದೊಡ್ಡ ತೋಟಾವನ್ನು ಚಿಕ್ಕ ಪಿಸ್ತೂಲಿಗೆ ತುರುಕೋಕೆ ಹೋದಾಗ. ಬ್ರೌನಿಂಗನ ಪ್ರಸಿದ್ಧ .45, ಅಂದ್ರೆ ಎಂ1911, 5 ಇಂಚಿನ ಬ್ಯಾರಲ್ಲಿನದು. 1911ರ ಪರೀಕ್ಷೆಯಲ್ಲಿ ಅಮೆರಿಕದ ಸೈನ್ಯ ಅದರಿಂದ 6,000 ಗುಂಡು ಹಾರಿಸಿತು. ಒಂದು ಸಲವೂ ಕೈಕೊಡಲಿಲ್ಲ. ಅದರ ಸ್ಪ್ರಿಂಗಿಗೆ ಓಡಾಡೋಕೆ ಜಾಗ ಧಾರಾಳವಾಗಿತ್ತು. 16 ಪೌಂಡ್, ಅಂದ್ರೆ ಸುಮಾರು 7 ಕೆ.ಜಿ. ಬಲದ ಸ್ಪ್ರಿಂಗ್ ಸಾಕಾಗುತ್ತಿತ್ತು.

1970ರ ದಶಕದಲ್ಲಿ ಸಿಯಾಟಲ್‌ನ ಡೆಟಾನಿಕ್ಸ್ ಕಂಪನಿ ಇದನ್ನೇ ಮೂರೂವರೆ ಇಂಚಿಗೆ ಇಳಿಸಿತು. 1985ರಲ್ಲಿ ಕೋಲ್ಟ್ ಕಂಪನಿಯ ಆಫಿಸರ್ಸ್ ಎಸಿಪಿ ಬಂತು, ಅದೂ ಮೂರೂವರೆ ಇಂಚು. ತೋಟಾ ಹಳೇದೇ, ಒದೆತವೂ ಹಳೇದೇ. ಆದರೆ ಸ್ಲೈಡ್ ಹಗುರ, ಅದಕ್ಕೇ ವೇಗವಾಗಿ ಹಿಂದಕ್ಕೆ ಬರುತ್ತೆ. ತಡೆಯೋ ಸ್ಪ್ರಿಂಗ್ ಗಟ್ಟಿ ಇರಬೇಕು, ಅದರ ಜಾಗ ಮಾತ್ರ ಗಿಡ್ಡ. ಹಾಗಾಗಿ 20 ಪೌಂಡ್ ದಾಟಿದ ಸ್ಪ್ರಿಂಗುಗಳು ಬಂದವು. ಡೆಟಾನಿಕ್ಸ್‌ನವರು ಒಂದರೊಳಗೊಂದು ಸ್ಪ್ರಿಂಗ್ ಇಟ್ಟರು. ಸುತ್ತು ಸುತ್ತಿಗೆ ಸಿಕ್ಕಿಕೊಳ್ಳದಿರಲಿ ಅಂತ ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತಿದರು.

ಇಷ್ಟಾದರೂ ಲೋಹ ಲೋಹವೇ. ಚಿಕ್ಕ ಪಿಸ್ತೂಲಿನಲ್ಲಿ ಪ್ರತಿ ಗುಂಡಿಗೂ ಸ್ಪ್ರಿಂಗ್ ಸುತ್ತುಗಳು ಹೆಚ್ಚುಕಮ್ಮಿ ಒಂದಕ್ಕೊಂದು ತಾಗುವಷ್ಟು ಕುಗ್ಗುತ್ತವೆ. ದೊಡ್ಡದರಲ್ಲಿ ಸ್ಪ್ರಿಂಗ್ ಕೆಲವು ಸಾವಿರ ಗುಂಡು ಬಾಳಿದರೆ, ಗಿಡ್ಡ .45ಗಳಲ್ಲಿ ಕೆಲವು ನೂರರಿಂದ ಸಾವಿರದ ಆಸುಪಾಸಿನಲ್ಲೇ ಬದಲಿಸಿ ಅನ್ನೋದು ಅನುಭವಿಗಳ ರೂಢಿ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದರ ಸವಕಳಿಯನ್ನು ವರ್ಷದ ಲೆಕ್ಕದಲ್ಲಿ ಬರೆಯೋ ಹಾಗಿಲ್ಲ, ಬಳಕೆಯ ಲೆಕ್ಕದಲ್ಲಿ ಬರೀಬೇಕು. ಡ್ರಾಯರಿನಲ್ಲಿ ಹತ್ತು ವರ್ಷ ಸುಮ್ಮನೆ ಮಲಗಿದ ಪಿಸ್ತೂಲಿನ ಸ್ಪ್ರಿಂಗ್ ಚೆನ್ನಾಗಿಯೇ ಇರಬಹುದು. ವಾರವಾರ ತಪ್ಪದೆ ಅಭ್ಯಾಸ ಮಾಡೋನ ಸ್ಪ್ರಿಂಗ್ ಒಂದೇ ವರ್ಷದಲ್ಲಿ ಸೋತಿರಬಹುದು. ಶ್ರದ್ಧೆ ಇರೋನಿಗೇ ಹೆಚ್ಚು ಖರ್ಚು. ನನಗಂತೂ ಇದು ಅನ್ಯಾಯ ಅನ್ಸುತ್ತೆ.

1994ರಲ್ಲಿ ಅಮೆರಿಕದ ಕಾನೂನು ಹೊಸ ಮ್ಯಾಗಜೀನುಗಳಿಗೆ 10 ಗುಂಡಿನ ಮಿತಿ ಹಾಕಿತು. ಹತ್ತೇ ಗುಂಡು ಅಂದಮೇಲೆ ದೊಡ್ಡ ಪಿಸ್ತೂಲು ಯಾಕೆ ಅಂತ ಜನ ಕೇಳೋ ಹೊತ್ತಿಗೆ ಗ್ಲಾಕ್ 26 ಅಂಗಡಿಗೆ ಬಂತು. ಅಂಗೈಯಗಲದ ಪಿಸ್ತೂಲು, ಒಳಗೆ ಜೋಡಿ ಸ್ಪ್ರಿಂಗ್. ಮುಂದೆ 2010ರಲ್ಲಿ ಇದೇ ಜೋಡಿ ಸ್ಪ್ರಿಂಗನ್ನು ಗ್ಲಾಕ್ ತನ್ನ ದೊಡ್ಡ ಪಿಸ್ತೂಲುಗಳಿಗೂ ಹಾಕಿತು. ಮರುವರ್ಷವೇ ಅವುಗಳ ಸ್ಪ್ರಿಂಗುಗಳನ್ನು ಉಚಿತವಾಗಿ ಬದಲಿಸಿಕೊಡ್ತೀವಿ ಅಂತ ಪ್ರಕಟಿಸಬೇಕಾಯ್ತು. ಚಿಕ್ಕದರಲ್ಲಿ ಗೆದ್ದ ಉಪಾಯ ದೊಡ್ಡದಕ್ಕೆ ಸಲೀಸಾಗಿ ಒಗ್ಗಲಿಲ್ಲ.

ಈಗ ದೊಡ್ಡಪ್ಪ. ಅವರು ಬಳಸಿದ್ದು ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ 9 ಎಂಎಂ 1ಎ. ಚಿಕ್ಕ ಪಿಸ್ತೂಲೇನಲ್ಲ, ಆದರೆ ಸಂಬಂಧ ಇದೆ. ಬ್ರೌನಿಂಗ್ 1926ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ಬಿಟ್ಟಿದ್ದ ವಿನ್ಯಾಸವನ್ನು ಬೆಲ್ಜಿಯಂನ ದ್ಯುಡೊನೆ ಸೈವ್ ಮುಗಿಸಿದ. ಅದೇ 1935ರ ಹೈ-ಪವರ್. ನಮ್ಮ 1ಎ ಅದರದೇ ಮಾದರಿ.

ಒಂದು ಸಲ ಫೈರಿಂಗ್ ಅಭ್ಯಾಸದಲ್ಲಿ ಸ್ಲೈಡ್ ಮುಂದಕ್ಕೆ ಪೂರ್ತಿ ಹೋಗದೆ ಕೂದಲೆಳೆಯಷ್ಟು ಹಿಂದೆ ನಿಂತಿತಂತೆ. ಟ್ರಿಗರ್ ಎಳೆದರೆ ಏನೂ ಇಲ್ಲ. ಕೋತ್‌ನಲ್ಲಿ, ಅಂದ್ರೆ ಶಸ್ತ್ರಾಗಾರದಲ್ಲಿ, ಆರ್ಮರರ್ ಹಳೇ ಸ್ಪ್ರಿಂಗನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದ. ಹಳೇದು ಎರಡು ಸುತ್ತಿನಷ್ಟು ಗಿಡ್ಡ.

"ಅದಕ್ಕೆ ಮುಂಚಿನ ವಾರ ಅದೇ ಪಿಸ್ತೂಲು ಕಟ್ಕೊಂಡು ನೈಟ್ ಡ್ಯೂಟಿ ಮಾಡಿದ್ದೆ ಕಣೋ" ಅಂದ್ರು ದೊಡ್ಡಪ್ಪ.

"ಆಗ ಹೆದರಿಕೆ ಆಗಿರಲಿಲ್ವಾ ದೊಡ್ಡಪ್ಪ?"

"ಆಗ ಎಲ್ಲಿ? ಮೇಜಿನ ಮೇಲೆ ಆ ಎರಡು ಸ್ಪ್ರಿಂಗ್ ನೋಡಿದ್ಮೇಲೆ ಆಯ್ತು."